ಕಹಿಯೊಂದೇ ಅಳತೆಗೋಲಲ್ಲ: ಹಾಪ್ಸ್ ಬಿಯರ್ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ಮೈಕ್ರೋಬ್ರೂವರಿಗಳ ಬೋರ್ಡಿನಲ್ಲಿ ಐಪಿಎ ಈಗ ಸಾಮಾನ್ಯ ಹೆಸರು. ಪೂರ್ತಿ ಹೇಳಿದರೆ ಇಂಡಿಯಾ ಪೇಲ್ ಏಲ್. ಹಾಪ್ಸ್ ಎಂಬ ಹೂವಿನ ಗುಣವನ್ನೇ ಮುಂದಿಟ್ಟು ತಯಾರಿಸುವ ಬಿಯರ್ ಅದು. ಗೋಧಿ ಬಿಯರ್ ಕುಡಿದು ರೂಢಿಯಾದವರು ಮೊದಲ ಗುಟುಕಿಗೇ ಮುಖ ಕಿವುಚಿ ಗ್ಲಾಸನ್ನು ಪಕ್ಕಕ್ಕೆ ಸರಿಸುತ್ತಾರೆ. ಇದರ ಅಭಿಮಾನಿಗಳೋ ಎಷ್ಟು ಕಹಿಯೋ ಅಷ್ಟು ಒಳ್ಳೆಯದೆಂದು ಹೊಗಳುತ್ತಾರೆ. ಇಬ್ಬರೂ ಕಹಿಯೊಂದನ್ನೇ ಹಿಡಿದು ತೀರ್ಪು ಕೊಡುತ್ತಿದ್ದಾರೆ. ಹಾಪ್ಸ್ ಬಿಯರನ್ನು ಮೊದಲು ಅಳೆಯಬೇಕಾದದ್ದು ಮೂಗಿನಿಂದ, ಆಮೇಲೆ ತಾಜಾತನದಿಂದ, ಕೊನೆಗೆ ಸಮತೋಲದಿಂದ. ಹೀಗೆ ಹೇಳಲು ಕಾರಣಗಳಿವೆ.

ತಪ್ಪು ಕಲ್ಪನೆ: ಹಾಪ್ಸ್ ಹೆಚ್ಚು ಹಾಕಿದಷ್ಟೂ ಬಿಯರ್ ಕಹಿಯಾಗುತ್ತದೆ

ವಾಸ್ತವ: ಎಷ್ಟು ಹಾಕಿದರು ಎನ್ನುವುದಕ್ಕಿಂತ ಯಾವಾಗ ಹಾಕಿದರು ಎನ್ನುವುದು ಮುಖ್ಯ.

ಹಾಪ್ಸ್ ಒಂದು ಬಳ್ಳಿ. ಹೆಣ್ಣು ಬಳ್ಳಿಯಲ್ಲಿ ಬಿಡುವ ಹಸಿರು ಹೂವೇ ಬಿಯರಿಗೆ ಬೇಕಾದದ್ದು. ಒಂದು ಹೂವನ್ನು ಉದ್ದಕ್ಕೆ ಸೀಳಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಬೆರಳಿನಲ್ಲಿ ತಿಕ್ಕಿದರೆ ಅಂಟಂಟಾಗಿ, ಕೈ ತೊಳೆದರೂ ಬಿಡದ ಘಾಟು ಉಳಿಯುತ್ತದೆ. ಇದು ಲುಪುಲಿನ್. ಇದರೊಳಗೆ ಎರಡು ಬಗೆಯ ಸರಕಿದೆ. ಒಂದು ಆಲ್ಫಾ ಆಮ್ಲ, ಇನ್ನೊಂದು ಸುಗಂಧ ತೈಲ. ಆಲ್ಫಾ ಆಮ್ಲ ಇದ್ದ ಹಾಗೆಯೇ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಅಷ್ಟಾಗಿ ಕಹಿಯೂ ಅಲ್ಲ. ಮೊಳಕೆ ಬರಿಸಿದ ಧಾನ್ಯವಾದ ಮಾಲ್ಟಿನ ಸಿಹಿ ರಸದ ಜೊತೆ ಒಂದು ಗಂಟೆ ಕುದಿದಾಗ ಅದರ ಅಣುವಿನ ರಚನೆ ಬದಲಾಗಿ ಐಸೋ ಆಲ್ಫಾ ಆಮ್ಲವಾಗುತ್ತದೆ. ಬಿಯರಿನ ಕಹಿಯೆಲ್ಲ ಮುಖ್ಯವಾಗಿ ಇದರದ್ದೇ. ಸುಗಂಧ ತೈಲದ ಗತಿ ಇದಕ್ಕೆ ತದ್ವಿರುದ್ಧ. ಕುದಿ ಹೆಚ್ಚಾದಷ್ಟೂ ಅದು ಹಬೆಯ ಜೊತೆ ಹಾರಿಹೋಗುತ್ತದೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವುದರ ಹಿಂದೆ ಇರುವ ತಿಳಿವಳಿಕೆಯೇ ಇಲ್ಲೂ ಕೆಲಸ ಮಾಡುತ್ತದೆ.

ಹಾಗಾಗಿ ಬ್ರೂವರ್ ಕಹಿಗಾಗಿ ಸ್ವಲ್ಪ ಹಾಪ್ಸನ್ನು ಕುದಿಯ ಆರಂಭದಲ್ಲಿ ಹಾಕುತ್ತಾನೆ, ಪರಿಮಳಕ್ಕಾಗಿ ಬಹುಪಾಲನ್ನು ಒಲೆ ಆರಿಸಿದ ಮೇಲೆ ಹಾಕುತ್ತಾನೆ. ಇನ್ನಷ್ಟನ್ನು ಹುದುಗುವ ಹೊತ್ತಿಗೆ ಅಥವಾ ಹುದುಗು ಮುಗಿದ ಮೇಲೆ ತಣ್ಣಗಿನ ಬಿಯರಿಗೇ ಸುರಿಯುತ್ತಾನೆ. ಈ ಕೊನೆಯ ವಿಧಾನಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಹೇಝಿ ಐಪಿಎ ಎಂಬ ಮಬ್ಬು ಬಿಯರಿಗೆ ಹಳೆಯ ಬಗೆಯ ಐಪಿಎಗಿಂತ ಎಷ್ಟೋ ಪಟ್ಟು ಹಾಪ್ಸ್ ಹಾಕುವುದುಂಟು. ಆದರೂ ಬಾಯಿಗೆ ಅದು ಮೆತ್ತಗೆ, ಹಣ್ಣುಹಣ್ಣಾಗಿ ಇರುತ್ತದೆ. ಕಹಿ ಒಗ್ಗುವುದಿಲ್ಲವೆಂದು ಐಪಿಎಯನ್ನು ದೂರವಿಟ್ಟವರು ಅಲ್ಲಿಂದ ಶುರುಮಾಡಬಹುದು.

ತಪ್ಪು ಕಲ್ಪನೆ: ಬೋರ್ಡಿನ ಮೇಲಿನ ಐಬಿಯು ಸಂಖ್ಯೆಯೇ ಕಹಿಯ ಅಳತೆ

ವಾಸ್ತವ: ಅದು ಪ್ರಯೋಗಾಲಯದ ಅಳತೆ. ನಾಲಿಗೆಯ ಅಳತೆ ಬೇರೆ.

ಒಂದು ಲೀಟರ್ ಬಿಯರಿನಲ್ಲಿ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲವಿದ್ದರೆ ಸುಮಾರಾಗಿ ಒಂದು ಐಬಿಯು. ಅಮೆರಿಕದ ಲೈಟ್ ಲಾಗರಿನಲ್ಲಿ 8ರಿಂದ 12, ಅಮೆರಿಕನ್ ಐಪಿಎಯಲ್ಲಿ 40ರಿಂದ 70 ಐಬಿಯು ಇರುವುದು ವಾಡಿಕೆ. ಆದರೆ ಬಾಯಿಗೆ ಸಿಗುವ ಕಹಿಯನ್ನು ಉಳಿದ ಸಕ್ಕರೆ, ಮದ್ಯಾಂಶ, ನೀರಿನಲ್ಲಿರುವ ಸಲ್ಫೇಟ್ ಎಲ್ಲ ಸೇರಿ ಬದಲಿಸುತ್ತವೆ. 60 ಐಬಿಯು ಇರುವ ದಪ್ಪ ಇಂಪೀರಿಯಲ್ ಸ್ಟೌಟ್ ಸಿಹಿಯೆನಿಸಬಹುದು. 45 ಇರುವ ತೆಳು, ಒಣ ಐಪಿಎ ಅದಕ್ಕಿಂತ ಕಹಿಯೆನಿಸಬಹುದು. ಜೊತೆಗೆ ಡ್ರೈ ಹಾಪಿಂಗ್ ಮಾಡಿದ ಬಿಯರಿನಲ್ಲಿ ಬೇರೆ ಕಹಿ ಸಂಯುಕ್ತಗಳೂ ಪಾಲಿಫಿನಾಲುಗಳೂ ಸೇರಿಕೊಳ್ಳುವುದರಿಂದ ಈ ಲೆಕ್ಕ ಇನ್ನೂ ಸಡಿಲವಾಗುತ್ತದೆ. ಸಂಖ್ಯೆ ನೋಡಿ ಹೆದರುವುದೂ ಬೇಡ, ಪಂಥ ಕಟ್ಟುವುದೂ ಬೇಡ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕಹಿ ಬೇರೆ, ಒಗರು ಬೇರೆ. ಕಹಿ ನಾಲಿಗೆಯ ರುಚಿ. ಒಗರು ಒಸಡು, ಕೆನ್ನೆಯ ಒಳಭಾಗ ಒಣಗಿ ಹಿಡಿದಂತಾಗುವ ಸ್ಪರ್ಶ. ಹಸಿ ಅಡಿಕೆ ಜಗಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಐಪಿಎಯ ಕಹಿ ಚುರುಕಾಗಿ ಬಂದು, ಸ್ವಲ್ಪ ಹೊತ್ತು ನಿಂತು, ಚೊಕ್ಕವಾಗಿ ಇಳಿಯುತ್ತದೆ. ಹಾಪ್ಸ್ ಎಲೆಯ ಚೂರುಗಳು ಬಿಯರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ದಿನ ಉಳಿದಾಗ ಒಗರು ಏರುತ್ತದೆ, ಗಂಟಲಿನಲ್ಲಿ ಗರಗಸದಂತೆ ಕೆರೆಯುತ್ತದೆ. ‘ತುಂಬಾ ಕಹಿ’ ಎಂದು ಎಷ್ಟೋ ಜನ ದೂರುವ ಬಿಯರಿನ ನಿಜವಾದ ದೋಷ ಈ ಒಗರೇ.

ತಪ್ಪು ಕಲ್ಪನೆ: ಮಾವಿನ ಹಣ್ಣಿನ ಪರಿಮಳ ಬಂದರೆ ರಸವನ್ನೋ ಎಸೆನ್ಸನ್ನೋ ಬೆರೆಸಿದ್ದಾರೆ

ವಾಸ್ತವ: ಹಣ್ಣಿನಲ್ಲಿರುವ ಅಣುಗಳೇ ಹಾಪ್ಸ್ ಹೂವಿನಲ್ಲೂ ಇವೆ.

ಹಣ್ಣು ಹಾಕಿ ಮಾಡುವ ಬಿಯರುಗಳು ಬೇರೆ ಇವೆ, ಅವುಗಳ ಹೆಸರಿನಲ್ಲೇ ಅದು ಗೊತ್ತಾಗುತ್ತದೆ. ಆದರೆ ಮಾಲ್ಟ್, ನೀರು, ಯೀಸ್ಟ್, ಹಾಪ್ಸ್ ಇಷ್ಟರಿಂದಲೇ ಮಾಡಿದ ಐಪಿಎಯಲ್ಲಿ ಮಾವು, ಸೀಬೆ, ಚಕ್ಕೋತ, ಪ್ಯಾಷನ್ ಫ್ರೂಟ್ ಪರಿಮಳ ಬರುವುದು ಸಹಜ. ಹಾಪ್ಸ್ ತೈಲದಲ್ಲಿ ಹೇರಳವಾಗಿರುವ ಮಿರ್ಸೀನ್ ಮಾವಿನ ಹಣ್ಣಿನಲ್ಲೂ ಇದೆ. ಲಿನಲೂಲ್ ಇದೆ, ನಮ್ಮ ಕೊತ್ತಂಬರಿ ಬೀಜದ ಪರಿಮಳ ಮುಖ್ಯವಾಗಿ ಅದರದ್ದೇ. ಜೆರಾನಿಯಾಲ್ ಇದೆ, ಅದು ಗುಲಾಬಿಯಲ್ಲೂ ಸಿಗುತ್ತದೆ. ಕ್ಯಾರಿಯೋಫಿಲೀನ್ ಇದೆ, ಮಲೆನಾಡಿನ ಕಾಳುಮೆಣಸಿನಲ್ಲಿಯೂ ಲವಂಗದಲ್ಲಿಯೂ ಇರುವುದು ಅದೇ. ಇವುಗಳ ಜೊತೆ ಗಂಧಕವಿರುವ ಥಯಾಲ್ ಎಂಬ ಅಣುಗಳು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ. ಸೀಬೆ, ಪ್ಯಾಷನ್ ಫ್ರೂಟಿನ ಘಮ ಇವುಗಳಿಂದ. ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿದ್ದರೂ ಮೂಗು ಹಿಡಿಯುತ್ತದೆ. ಹುದುಗುವ ಹೊತ್ತಿನಲ್ಲಿ ಯೀಸ್ಟ್ ಕೂಡ ಹಾಪ್ಸಿನ ಕೆಲವು ಅಣುಗಳನ್ನು ಬೇರೆ ಪರಿಮಳದ ಅಣುಗಳಾಗಿ ಮಾರ್ಪಡಿಸುತ್ತದೆ.

ಯಾವ ತಳಿ ಎಂಬುದರ ಮೇಲೆ ಪರಿಮಳ ನಿಂತಿದೆ. ಅಮೆರಿಕದ ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕಾರ್ಯಕ್ರಮದಿಂದ 1972ರಲ್ಲಿ ಹೊರಬಂದ ಕ್ಯಾಸ್ಕೇಡ್ ಚಕ್ಕೋತದ ಸಿಪ್ಪೆಯ ವಾಸನೆ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಚಿಕೋ ಊರಿನಲ್ಲಿ 1980ರಲ್ಲಿ ತಯಾರಾದ ಸಿಯೆರಾ ನೆವಾಡಾ ಪೇಲ್ ಏಲ್ ಆ ತಳಿಯನ್ನು ಜಗತ್ತಿಗೇ ಪರಿಚಯಿಸಿತು. ಅಮೆರಿಕದ ಕ್ರಾಫ್ಟ್ ಬಿಯರಿನ ರುಚಿಗೆ ದಾರಿ ಹಾಕಿದ್ದು ಆ ಒಂದು ಬಿಯರ್ ಎಂದರೆ ಅತಿಶಯೋಕ್ತಿಯಲ್ಲ. ಸಿಟ್ರಾ ತಳಿ ಮಾವು, ಲಿಂಬೆಯ ಕಡೆಗೆ ವಾಲುತ್ತದೆ. ನ್ಯೂಜಿಲೆಂಡಿನ ನೆಲ್ಸನ್ ಸೊವಿನ್‌ಗೆ ಬಿಳಿ ದ್ರಾಕ್ಷಿಯ ಗುಣ. ಚೆಕ್ ದೇಶದ ಸಾಝ್‌ಗೆ ಹೂವು, ಮೂಲಿಕೆ, ಮಸಾಲೆಯ ಮೆಲುವಾಸನೆ. ಇದೇ ಹಾಪ್ಸ್ ಕೆಟ್ಟ ಕಡೆಗೂ ತಿರುಗಬಲ್ಲದು. ಕೆಲವು ತಳಿಗಳನ್ನು ತಡವಾಗಿ ಕೊಯ್ದರೆ ಈರುಳ್ಳಿ, ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಥಯಾಲ್ ಅತಿಯಾದರೆ ಬೆಕ್ಕಿನ ಮೂತ್ರ ನೆನಪಾಗುತ್ತದೆ. ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಅದನ್ನು ಹಾಗೆಯೇ ಬರೆಯುತ್ತಾರೆ, ಮುಚ್ಚುಮರೆ ಇಲ್ಲ.

ನಮ್ಮ ಅಡುಗೆಮನೆಯಲ್ಲಿ ಬೆಳೆದ ಮೂಗಿಗೆ ಈ ಕೆಲಸ ಹೊಸದಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ. ಬಾದಾಮಿ ಮಾವಿಗೂ ರಸಪುರಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳುವವರು, ಮಾಗಿದ ಸೀಬೆಯನ್ನು ಮೂಸಿಯೇ ಆರಿಸುವವರು, ‘ಪೈನ್ ರೆಸಿನ್’, ‘ಲೀಚಿ’ ಎಂಬ ಎರವಲು ಪಟ್ಟಿಗಾಗಿ ಕಾಯಬೇಕಿಲ್ಲ. ನಿಮಗೆ ಹೆರಳೆಕಾಯಿ ಸಿಪ್ಪೆ ಎನಿಸಿದರೆ ಹೆರಳೆಕಾಯಿ ಸಿಪ್ಪೆ ಎಂದೇ ಬರೆಯಿರಿ. ಅದು ‘ಸಿಟ್ರಸ್’ ಎನ್ನುವುದಕ್ಕಿಂತ ಹೆಚ್ಚು ನಿಖರ.

ತಪ್ಪು ಕಲ್ಪನೆ: ಭಾರತಕ್ಕೆ ಸಾಗುವ ಹಡಗಿನಲ್ಲಿ ಕೆಡದಿರಲೆಂದೇ ಐಪಿಎಯನ್ನು ಕಂಡುಹಿಡಿದರು

ವಾಸ್ತವ: ಈ ಕಥೆಯಲ್ಲಿ ಅರ್ಧ ಸತ್ಯವಿದೆ.

ಹಾಪ್ಸ್ ಬಿಯರನ್ನು ಕೆಡದಂತೆ ಕಾಯುತ್ತದೆ ಎನ್ನುವುದು ನಿಜ. ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ 12ನೇ ಶತಮಾನದಲ್ಲೇ ಅದನ್ನು ದಾಖಲಿಸಿದ್ದಾರೆ. ಬಿಸಿ ನಾಡಿಗೆ ಹೋಗುವ ಬಿಯರಿಗೆ ಹಾಪ್ಸ್ ಹೆಚ್ಚಿರಬೇಕು ಎಂಬುದು 18ನೇ ಶತಮಾನದ ಇಂಗ್ಲಿಷ್ ಬ್ರೂವರುಗಳಿಗೆ ಗೊತ್ತೇ ಇತ್ತು. ಆದರೆ ಒಬ್ಬ ಮಹಾಶಯ ಕೂತು ಭಾರತಕ್ಕೆಂದೇ ಹೊಸ ಬಿಯರ್ ಕಂಡುಹಿಡಿದ ಎನ್ನಲು ಆಧಾರವಿಲ್ಲ. ಲಂಡನ್ನಿನ ಪೂರ್ವಕ್ಕಿದ್ದ ಬೋ ಬ್ರೂವರಿಯ ಜಾರ್ಜ್ ಹಾಜ್ಸನ್ ಹೆಸರು ಈ ಕಥೆಯಲ್ಲಿ ಬರುತ್ತದೆ. ಅವನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್‌ಗೆ ಹತ್ತಿರವಿತ್ತು. ಹಡಗಿನ ಕಪ್ತಾನರಿಗೆ ಅವನು ದೀರ್ಘಾವಧಿಯ ಸಾಲದ ಮೇಲೆ ಬಿಯರ್ ಕೊಡುತ್ತಿದ್ದ. ಅವನ ವ್ಯಾಪಾರ ಕುದುರಿದ್ದು ಹೀಗೆ. ಹಾಪ್ಸ್ ಹೆಚ್ಚಿದ್ದ ಅವನ ಪೇಲ್ ಏಲ್ ನಾಲ್ಕಾರು ತಿಂಗಳ ಪಯಣದಲ್ಲಿ ಚೆನ್ನಾಗಿ ಹದಗೊಂಡು ಬಂದದ್ದು ಅದೃಷ್ಟ. ಅದೇ ಹಡಗುಗಳಲ್ಲಿ ಕಪ್ಪು ಪೋರ್ಟರ್ ಬಿಯರೂ ಬರುತ್ತಿತ್ತು, ಕೆಡದೆ ತಲುಪುತ್ತಿತ್ತು. ಸಾಮಾನ್ಯ ಸಿಪಾಯಿಗಳು ಕುಡಿದದ್ದು ಹೆಚ್ಚಾಗಿ ಅದನ್ನೇ. ಪೇಲ್ ಏಲ್ ಅಧಿಕಾರಿಗಳ ಮೇಜಿನದ್ದು.

1820ರ ದಶಕದಲ್ಲಿ ಬರ್ಟನ್ ಪಟ್ಟಣದ ಆಲ್ಸಪ್, ಬಾಸ್ ಕಂಪನಿಗಳು ಈ ವ್ಯಾಪಾರಕ್ಕೆ ಇಳಿದವು. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೆಚ್ಚು. ಸಲ್ಫೇಟ್ ಇರುವ ಆ ನೀರು ಹಾಪ್ಸಿನ ಕಹಿಗೆ ಚೊಕ್ಕ ಅಂಚು ಕೊಡುತ್ತಿತ್ತು. ಇಂದಿಗೂ ಐಪಿಎ ಮಾಡುವವರು ನೀರಿಗೆ ಜಿಪ್ಸಮ್ ಸೇರಿಸುವುದು ಅದಕ್ಕೇ. ಬೆಂಗಳೂರಿನಲ್ಲಿ ನಾವು ಈಗ ಕುಡಿಯುವ ಐಪಿಎಗೆ ಹೆಸರು ಈ ಹಡಗು ವ್ಯಾಪಾರದಿಂದ ಬಂದಿದೆ. ರುಚಿ ಬಂದಿರುವುದು 1970ರ ನಂತರದ ಅಮೆರಿಕದಿಂದ.

ತಪ್ಪು ಕಲ್ಪನೆ: ಮಬ್ಬಾಗಿದ್ದರೆ ಕೆಟ್ಟಿದೆ, ಕಪ್ಪಾಗಿದ್ದರೆ ಅಮಲು ಹೆಚ್ಚು, ಕಹಿಯಾಗಿದ್ದರೆ ಸ್ಟ್ರಾಂಗ್

ವಾಸ್ತವ: ಮೂರೂ ಸರಿಯಲ್ಲ.

ಮದ್ಯಾಂಶ ಬರುವುದು ಮಾಲ್ಟಿನ ಸಕ್ಕರೆಯಿಂದ, ಹಾಪ್ಸಿನಿಂದಲ್ಲ. ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂದು ಸಿಗುವ ತಿಳಿ ಬಣ್ಣದ ಬಿಯರಿನಲ್ಲಿ ಮದ್ಯಾಂಶ ಶೇ. 8ರವರೆಗೂ ಇರಬಹುದು, ಕಹಿ ಕಡಿಮೆ. ಕಡುಕಪ್ಪಾದ ಗಿನ್ನೆಸ್ ಡ್ರಾಟ್‌ನಲ್ಲಿ ಶೇ. 4.2 ಮಾತ್ರ. ಮಬ್ಬಿನ ವಿಷಯಕ್ಕೆ ಬಂದರೆ, ಅಮೆರಿಕದ ವರ್ಮಾಂಟ್ ರಾಜ್ಯದ ‘ಹೆಡಿ ಟಾಪರ್’ ಎಂಬ ಬಿಯರ್ ಜನಪ್ರಿಯವಾದ ಮೇಲೆ ಮಬ್ಬು ಐಪಿಎಯೇ ಒಂದು ಶೈಲಿಯಾಗಿ ಬೆಳೆಯಿತು. ಓಟ್ಸ್, ಗೋಧಿಯ ಪ್ರೋಟೀನೂ ಹಾಪ್ಸಿನ ಪಾಲಿಫಿನಾಲೂ ಕೂಡಿ ಆ ಮಬ್ಬು ಉಂಟಾಗುತ್ತದೆ. ಆದರೆ ಪಾರದರ್ಶಕವಾಗಿರಬೇಕಾದ ವೆಸ್ಟ್ ಕೋಸ್ಟ್ ಐಪಿಎ ಕಲಕಿದ ಕೆರೆ ನೀರಿನ ಬಣ್ಣದಲ್ಲಿ ಬಂದರೆ ಅದು ದೋಷವೇ. ಯಾವ ಶೈಲಿಯೆಂದು ಕೇಳಿಕೊಂಡು ನೋಡಬೇಕು.

ತಪ್ಪು ಕಲ್ಪನೆ: ನೊರೆ ಎಂದರೆ ಮೋಸ, ಐಸಿನಂತೆ ತಣ್ಣಗಿದ್ದರೇ ಬಿಯರ್

ವಾಸ್ತವ: ಎರಡು ಬೆರಳು ಎತ್ತರದ ನೊರೆ ನಿಮ್ಮ ಹಕ್ಕು.

ಒಡೆಯುವ ಒಂದೊಂದು ಗುಳ್ಳೆಯೂ ಹಾಪ್ಸಿನ ಪರಿಮಳವನ್ನು ಮೂಗಿಗೆ ತಲುಪಿಸುತ್ತದೆ. ನೊರೆ ಗಟ್ಟಿಯಾಗಿ ನಿಲ್ಲಲು ಹಾಪ್ಸಿನ ಐಸೋ ಆಲ್ಫಾ ಆಮ್ಲವೇ ನೆರವಾಗುತ್ತದೆ. ಗುಟುಕು ಗುಟುಕಿಗೂ ಗ್ಲಾಸಿನ ಒಳಗೋಡೆಯಲ್ಲಿ ಬಳೆಬಳೆಯಾಗಿ ನೊರೆಯ ಗುರುತು ಉಳಿದರೆ ಬಿಯರೂ ಸರಿ, ಗ್ಲಾಸೂ ಶುದ್ಧ. ನೊರೆ ಕ್ಷಣದಲ್ಲಿ ಸತ್ತು, ಗುಳ್ಳೆಗಳು ಗೋಡೆಗೆ ಅಂಟಿಕೊಂಡು ಕೂತಿದ್ದರೆ ಗ್ಲಾಸಿನಲ್ಲಿ ಜಿಡ್ಡಿದೆ. ಆಗ ಗ್ಲಾಸ್ ಬದಲಿಸಿ ಕೊಡಿ ಎಂದು ಕೇಳಲು ಸಂಕೋಚ ಬೇಡ.

ಫ್ರೀಜರಿನಲ್ಲಿಟ್ಟ ಗ್ಲಾಸ್ ಹಾಪ್ಸ್ ಬಿಯರಿಗೆ ಶತ್ರು. ಅತಿ ತಂಪಿನಲ್ಲಿ ಪರಿಮಳದ ಅಣುಗಳು ಮೇಲೇಳುವುದೇ ಇಲ್ಲ, ಉಳಿಯುವುದು ಬರೀ ಕಹಿ. ಐಪಿಎಗೆ 7ರಿಂದ 10 ಡಿಗ್ರಿ ಸೆಲ್ಸಿಯಸ್ ಹದ. ತೀರಾ ತಣ್ಣಗೆ ಕೊಟ್ಟರೆ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಐದು ನಿಮಿಷ ಕಾಯಿರಿ.

ತಪ್ಪು ಕಲ್ಪನೆ: ಬಿಯರ್ ಹಳೆಯದಾದಷ್ಟೂ ಹದವಾಗುತ್ತದೆ

ವಾಸ್ತವ: ಕೆಲವು ಗಟ್ಟಿ ಬಿಯರುಗಳಿಗೆ ಮಾತ್ರ ಅದು ನಿಜ. ಐಪಿಎಗೆ ಪ್ರತಿ ವಾರವೂ ನಷ್ಟ.

ಮೊದಲು ಹೋಗುವುದು ಹಣ್ಣಿನ ಪರಿಮಳ. ಆಮೇಲೆ ಆಮ್ಲಜನಕದ ಕೆಲಸ ಶುರುವಾಗಿ ನೆನೆದ ರಟ್ಟಿನ ವಾಸನೆ, ಜೇನಿನಂಥ ಮಂದ ಸಿಹಿ ಬರುತ್ತದೆ. ಹೇಝಿ ಐಪಿಎಯ ಬಣ್ಣವೂ ಮಾಸಿ ಬೂದುಗಂದಾಗುತ್ತದೆ. ಹಾಪ್ಸ್ ತಾನೇ ಹಳತಾಗಿದ್ದರೆ ಚೀಸಿನ, ಬೆವರಿನ ಕಾಲುಚೀಲದ ವಾಸನೆ. ಅಮೆರಿಕದ ಸ್ಟೋನ್ ಬ್ರೂಯಿಂಗ್ 2012ರಲ್ಲಿ ‘ಎಂಜಾಯ್ ಬೈ’ ಎಂಬ ಐಪಿಎ ತಂದಾಗ ಯಾವ ದಿನದೊಳಗೆ ಕುಡಿಯಬೇಕು ಎಂಬುದನ್ನೇ ಬಿಯರಿನ ಹೆಸರಾಗಿ ಬಾಟಲಿಯ ಮೇಲೆ ದೊಡ್ಡದಾಗಿ ಮುದ್ರಿಸಿತು. ತಾಜಾತನದ ಬಗ್ಗೆ ಅಷ್ಟು ನಿಷ್ಠುರವಾಗಿರುವುದು ನನಗೆ ಮೆಚ್ಚುಗೆ.

ಬೆಳಕಿನ ಪೆಟ್ಟು ಇದಕ್ಕಿಂತ ಬೇಗ ಬೀಳುತ್ತದೆ. ಬಿಸಿಲು ತಾಗಿದ ಕೂಡಲೇ ಬಿಯರಿನಲ್ಲಿರುವ ರೈಬೋಫ್ಲೇವಿನ್ ಹಾಪ್ಸಿನ ಕಹಿ ಆಮ್ಲವನ್ನು ಒಡೆಯುತ್ತದೆ. ಅದರಿಂದ ಹುಟ್ಟುವ ಗಂಧಕದ ಅಣು, ಸುಟ್ಟ ರಬ್ಬರನ್ನೂ ಕೊಳೆತ ಈರುಳ್ಳಿಯನ್ನೂ ಬೆರೆಸಿದಂತೆ ನಾರುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಹಸಿರು, ಬಿಳಿ ಬಾಟಲಿಗಳಿಂದ ಹೆಚ್ಚಿನ ರಕ್ಷಣೆಯಿಲ್ಲ. ಹಸಿರು ಬಾಟಲಿಯ ಆ ನಾತವನ್ನೇ ‘ಹಾಪ್ಸ್ ವಾಸನೆ’ ಎಂದು ನಂಬಿದವರು ಬಹಳ ಜನ. ತಾರಸಿಯ ಬಿಯರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಕೂತಾಗ ಎರಡು ಗ್ಲಾಸ್ ತರಿಸಿ, ಒಂದನ್ನು ನೆರಳಿನಲ್ಲಿ, ಒಂದನ್ನು ಬಿಸಿಲಿನಲ್ಲಿ ಇಟ್ಟು ಹತ್ತು ನಿಮಿಷ ಬಿಟ್ಟು ಮೂಸಿ ನೋಡಿ. ಪುಸ್ತಕ ಬೇಕಾಗುವುದಿಲ್ಲ.

ತಪ್ಪು ಕಲ್ಪನೆ: ಕಹಿ ಗೊತ್ತಾಗುವುದು ನಾಲಿಗೆಯ ಹಿಂಭಾಗಕ್ಕೆ ಮಾತ್ರ

ವಾಸ್ತವ: ಯಾವ ರುಚಿ ನಾಲಿಗೆಯ ಯಾವ ಭಾಗಕ್ಕೆ ಎಂದು ತೋರಿಸುವ ನಕ್ಷೆ, 1901ರ ಒಂದು ಜರ್ಮನ್ ಪ್ರಬಂಧವನ್ನು ಮುಂದೆ ತಪ್ಪಾಗಿ ಓದಿಕೊಂಡದ್ದರ ಫಲ. ನಾಲಿಗೆಯ ಎಲ್ಲ ಭಾಗವೂ ಎಲ್ಲ ರುಚಿಯನ್ನೂ ಹಿಡಿಯುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಗಂಟಲಿನ ಹಿಂದಿನಿಂದ ಪರಿಮಳ ಇನ್ನೊಮ್ಮೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಅದೇ.

ತಪ್ಪು ಕಲ್ಪನೆ: ಕಹಿ ಬಿಯರ್ ಗಂಡಸರ ಬಾಯಿಗೆ, ಬಿಯರ್ ತಯಾರಿಕೆ ಗಂಡಸರ ಕಸುಬು

ವಾಸ್ತವ: ಬೆಂಗಳೂರಿನ ಕಿರಣ್ ಮಜುಂದಾರ್ ಷಾ 1975ರ ಹೊತ್ತಿಗೆ ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಬ್ರೂಯಿಂಗ್ ಕಲಿತು ಬಂದವರು. ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಬ್ರೂಮಾಸ್ಟರ್ ಕೆಲಸ ಸಿಗದೆ 1978ರಲ್ಲಿ ಬಯೋಕಾನ್ ಕಟ್ಟಿದರು. ಜೈವಿಕ ತಂತ್ರಜ್ಞಾನಕ್ಕೆ ಲಾಭವಾಯಿತು, ನಮ್ಮ ಬಿಯರಿಗೆ ನಷ್ಟವಾಯಿತು.

ತಪ್ಪು ಕಲ್ಪನೆ: ನನಗೆ ಇಷ್ಟವಾದದ್ದೇ ಒಳ್ಳೆಯ ಬಿಯರ್, ಉಳಿದದ್ದೆಲ್ಲ ವಾದ

ವಾಸ್ತವ: ಇಷ್ಟಪಡುವುದು ನಿಮ್ಮ ಸ್ವಾತಂತ್ರ್ಯ. ತೀರ್ಪು ಕೊಡುವುದಕ್ಕೆ ಮಾತ್ರ ಒಂದು ಶಿಸ್ತಿದೆ.

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ಬಿಯರ್ ತೀರ್ಪುಗಾರರ ಸಂಸ್ಥೆಯ ಅಂಕಪಟ್ಟಿ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10. ಬಣ್ಣ ನೋಡಿ ಮರುಳಾಗುವವರು ಆ 3 ಅಂಕವನ್ನು ಗಮನಿಸಬೇಕು. ‘ನನಗೆ ಐಪಿಎ ಆಗುವುದಿಲ್ಲ’ ಎನ್ನುವ ತೀರ್ಪುಗಾರರೂ ಅದು ಐಪಿಎಯಾಗಿ ಚೆನ್ನಾಗಿದ್ದರೆ 40 ಕೊಡಲೇಬೇಕು.

ಕ್ರಮವೂ ಮುಖ್ಯ. ಗ್ಲಾಸ್ ಕೈಗೆ ಬಂದ ತಕ್ಷಣ, ನೋಡುವುದಕ್ಕೂ ಮುಂಚೆ, ಚಿಕ್ಕ ಚಿಕ್ಕ ಉಸಿರೆಳೆದು ಮೂಸಬೇಕು. ಹಾರಿಹೋಗುವ ವಾಸನೆಗಳು ಮೊದಲ ನಿಮಿಷದಲ್ಲೇ ಸಿಗಬೇಕು. ಆಮೇಲೆ ಬಣ್ಣ, ನೊರೆ. ಆಮೇಲೆ ಬಾಯಿ ತುಂಬುವಷ್ಟು ಗುಟುಕು, ನಾಲಿಗೆಯೆಲ್ಲ ತಾಗುವಂತೆ ಆಡಿಸಿ ನುಂಗಬೇಕು. ಮಾಲ್ಟಿನ ಬಿಸ್ಕತ್ತಿನಂಥ ಆಧಾರ ಇದೆಯೇ, ಕಹಿ ಎಲ್ಲಿ ಏರಿ ಎಲ್ಲಿ ಇಳಿಯಿತು, ಮೂಗಿಗೆ ಸಿಕ್ಕ ಹಣ್ಣು ಬಾಯಲ್ಲೂ ಸಿಕ್ಕಿತೇ ಎಂದು ಕೇಳಿಕೊಳ್ಳಬೇಕು. ಬರೆದು ಮುಗಿಸುವವರೆಗೆ ಪಕ್ಕದವರ ಜೊತೆ ಮಾತಿಲ್ಲ. ಒಬ್ಬರು ‘ಬೆಣ್ಣೆ’ ಎಂದರೆ ಮೇಜಿನವರೆಲ್ಲರಿಗೂ ಬೆಣ್ಣೆಯೇ ಸಿಗುತ್ತದೆ. ಅಂದಹಾಗೆ ಬೆಣ್ಣೆ ವಾಸನೆ ಡೈಅಸಿಟೈಲ್ ಎಂಬ ದೋಷದ ಗುರುತು. ಡ್ರೈ ಹಾಪಿಂಗ್ ಮಾಡಿದಾಗ ಹಾಪ್ಸಿನ ಕಿಣ್ವಗಳು ಹುದುಗದೆ ಉಳಿದ ಡೆಕ್ಸ್‌ಟ್ರಿನ್ ಎಂಬ ಪಿಷ್ಟದ ತುಣುಕುಗಳನ್ನು ಹುದುಗಬಲ್ಲ ಸಕ್ಕರೆ ಮಾಡಿ ಹುದುಗನ್ನು ಮತ್ತೆ ಕೆರಳಿಸುವುದರಿಂದ ಅದು ಐಪಿಎಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಂದ ಮುಸುಕಿನ ಜೋಳದ ವಾಸನೆ, ಹಸಿರು ಸೇಬಿನ ವಾಸನೆಗಳೂ ಇಂಥ ಗುರುತುಗಳೇ.

ಖಾರ ತಿಂದ ಬಾಯಲ್ಲಿ, ಸೆಂಟು ಹಾಕಿದ ಮೈಯಲ್ಲಿ ಈ ಕೆಲಸಕ್ಕೆ ಕೂರಬಾರದು. ನಡುನಡುವೆ ನೀರು, ಒಣ ಬ್ರೆಡ್. ತೆಳುವಿನಿಂದ ಗಟ್ಟಿಗೆ, ಕಡಿಮೆ ಹಾಪ್ಸಿನಿಂದ ಹೆಚ್ಚಿಗೆ ಸಾಗಬೇಕು. ಕಹಿ ನಾಲಿಗೆಯ ಮೇಲೆ ಪದರವಾಗಿ ಕೂರುವುದರಿಂದ ನಾಲ್ಕಾರು ಐಪಿಎ ಆದ ಮೇಲೆ ಯಾರ ತೀರ್ಪೂ ನಂಬಿಕೆಗೆ ಅರ್ಹವಲ್ಲ. ರುಚಿ ನೋಡಲು ಪುಟ್ಟ ಗ್ಲಾಸಿನ ಎರಡು ಮೂರು ಗುಟುಕು ಸಾಕು. ಅದಾದ ಮೇಲೂ ಗಾಡಿ ಮುಟ್ಟಬೇಡಿ.

ಬೆಂಗಳೂರಿನ ಬ್ರೂವರಿಗಳವರಲ್ಲಿ ಒಂದು ಕೋರಿಕೆ. ಬೋರ್ಡಿನ ಮೇಲೆ ಐಬಿಯು ಬರೆಯುವ ಜಾಗದಲ್ಲಿ ಹಾಪ್ಸ್ ತಳಿಯ ಹೆಸರನ್ನೂ ಕೆಗ್ ತುಂಬಿಸಿದ ದಿನಾಂಕವನ್ನೂ ಬರೆಯಿರಿ. ಬರೆದಿಲ್ಲವಾದರೆ ಓದುಗರೇ, ಆರ್ಡರ್ ಕೊಡುವ ಮುಂಚೆ ನೀವೇ ಕೇಳಿ.